ಉಗಿಬಂಡಿಯ ಮೊದಲ ಓಟ

ರಾಯದುರ್ಗದ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಉಮಾಮಹೇಶ್ವರ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಹಿತ್ತಾಳೆ ಉಜ್ಜಿ, ಮೊಳದುದ್ದದ ಉಗಿಬಂಡಿಯೊಂದನ್ನು ಕಟ್ಟಿದ್ದ. ಇವತ್ತು ಮೇಜಿನ ಮೇಲೆ ಹಾಸಿದ ಹಳಿಯಲ್ಲಿ ಅದರ ಬಾಯ್ಲರ್ ಕುದಿದು ಸೀಟಿಯೂ ಕೂಗಿತು.

"ತಡೀರಿ!" ಎನ್ನುತ್ತ ಹೆಂಡತಿ ಗುರುಶಾಂತಮ್ಮ ಬಂಡಿಗೆ ವಿಭೂತಿ ಹಚ್ಚಿ, ಹೊಸ ಗಾಡಿಗೆ ಇಡುವಂತೆ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಅವನಿಗೂ ಅದು ಸರಿಯೆನಿಸಿತು, ಬೈಕಿಗೂ ಇಟ್ಟಿರಲಿಲ್ಲವೇ? ಹಿಡಿಕೆ ತಿರುಗಿಸಿದ.

ಚಕ್ರ ಹಣ್ಣಿಗಿಂತ ಚಿಕ್ಕದೆಂದು ಹೊಳೆಯುವಷ್ಟರಲ್ಲಿ ಬಂಡಿ ಹಳಿ ತಪ್ಪಿ, ಮಗುಚಿ, ಕೆಳಗಿನ ಕಲ್ಲುಚಪ್ಪಡಿಗೆ ಬಿದ್ದಿತ್ತು. ಬಿಸಿನೀರು ಬುಸ್ಸೆಂದು ಹರಿಯಿತು. ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಗುರುಶಾಂತಮ್ಮ ಗಲ್ಲಕ್ಕೆ ಕೈಯಿಟ್ಟಳು. "ಎಂಥಾ ಕೆಟ್ಟ ದೃಷ್ಟಿ ಇತ್ತು ನೋಡ್ರಿ! ನಿಂಬಿಹಣ್ಣು ಇಟ್ಟಿದ್ದಕ್ಕ ಇಷ್ಟಕ್ಕ ಮುಗೀತು."