ಅಣ್ಣಮ್ಮನ ಮೊಣಕಾಲು ವಾಸಿಯಾದ ಊರುಗಳು

ಅರಕಲಗೂಡಿನ ಸಭಾಪಾಲಕ ಪ್ರಸನ್ನಕುಮಾರ್ ಅವರಿಗೆ ಹಾಸನದ ದೊಡ್ಡ ಚರ್ಚಿನ ಮೇಲೆ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಚರ್ಚಿನ ಪಕ್ಕದ ಹೆಂಚಿನ ಬಂಗಲೆ, ಬಂಗಲೆಯ ಹಿಂದಿನ ಸಪೋಟ ಮರಗಳು, ತಿರುಗಿಸಿದರೆ ನೀರು ಬರುವ ನಲ್ಲಿ, ಇವೆಲ್ಲ ಅವರ ಪ್ರಾರ್ಥನೆಯಲ್ಲಿ ಹೆಸರು ಹೇಳಿಕೊಳ್ಳದೆ ಬಂದು ಹೋಗುತ್ತಿದ್ದವು. 'ಕರ್ತನೇ, ನಿನ್ನ ದಾಸನನ್ನು ಇನ್ನೂ ದೊಡ್ಡ ಸೇವೆಗೆ ಕರೆ' ಎಂದು ಅವರು ಕಣ್ಣು ಮುಚ್ಚಿ ಬೇಡಿದರೆ, ಹೆಂಡತಿ ಸ್ನೇಹಲತಾ ಕಣ್ಣು ಬಿಟ್ಟುಕೊಂಡೇ 'ಆಮೆನ್' ಅನ್ನುತ್ತಿದ್ದರು. ದೇವರಿಗೆ ಅರ್ಥವಾಗಿತ್ತೋ ಇಲ್ಲವೋ, ಆಕೆಗಂತೂ ಚೆನ್ನಾಗಿ ಅರ್ಥವಾಗಿತ್ತು.

ಹಾಸನದಲ್ಲಿದ್ದ ಹಿರಿಯ ಪಾಲಕರು ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಯಾರನ್ನು ಕಳಿಸಬೇಕೆಂಬುದು ಸುತ್ತಲಿನ ಸಭೆಗಳ ಅಧ್ಯಕ್ಷರ ಕೈಯಲ್ಲಿತ್ತು. ಅಧ್ಯಕ್ಷರದು ತೂಕದ ದೇಹ, ತೂಕದ ಮಾತು. ಜನವರಿಯಲ್ಲೇ ಪಾಲಕರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: "ಬೆಳವಣಿಗೆ ತೋರಿಸಿ. ಬೆಳೆದ ಸಭೆಯ ಪಾಲಕ ಹಾಸನಕ್ಕೆ ಬರ್ತಾನೆ. ಬೆಳೆಯದ ಸಭೆನ ಪಕ್ಕದ ಸಭೆಗೆ ಸೇರಿಸಿ ಬೀಗ ಹಾಕ್ತೀನಿ."

ಅರಕಲಗೂಡಿನಲ್ಲಿ ಶುಂಠಿ ಬೆಳೆಯುತ್ತದೆ, ಹೊಗೆಸೊಪ್ಪು ಬೆಳೆಯುತ್ತದೆ, ಮುಸುಕಿನ ಜೋಳವಂತೂ ಕೇಳುವುದೇ ಬೇಡ. ಸಭೆಯೊಂದು ಮಾತ್ರ ಬೆಳೆಯುತ್ತಿರಲಿಲ್ಲ. ಇದ್ದವರಲ್ಲಿ ಮುದುಕರು ಒಬ್ಬೊಬ್ಬರಾಗಿ ಕರ್ತನ ಬಳಿಗೆ ಹೋಗುತ್ತಿದ್ದರು, ಹುಡುಗಿಯರು ಮದುವೆಯಾಗಿ ಮೈಸೂರಿಗೆ ಹೋಗುತ್ತಿದ್ದರು. ಉಳಿದವರು ಭಾನುವಾರ ಬೆಂಚಿಗೆ ಇಬ್ಬರಂತೆ ಹರಡಿ ಕೂತರೂ ಹಿಂದಿನ ಅರ್ಧ ಚರ್ಚು ಗುಬ್ಬಚ್ಚಿಗಳ ಪಾಲಾಗುತ್ತಿತ್ತು. ಹೊಳೆನರಸೀಪುರದ ಪಾಪಯ್ಯ ಪಾಲಕರ ಗತಿಯೂ ಇದೇ, ಚನ್ನರಾಯಪಟ್ಟಣದ ರವೀಂದ್ರ ಪಾಲಕರ ಗತಿಯೂ ಇದೇ. ಅವರಿಬ್ಬರಿಗೂ ಇದ್ದಲ್ಲೇ ಉಳಿದರೆ ಸಾಕಿತ್ತು. ಪ್ರಸನ್ನಕುಮಾರ್ ಅವರಿಗೆ ಮೇಲಕ್ಕೇರಬೇಕಿತ್ತು.

ದಸರಾ ಕಳೆದ ಮೇಲೆ ಅಧ್ಯಕ್ಷರು ಒಂದೊಂದು ಭಾನುವಾರ ಒಂದೊಂದು ಸಭೆಗೆ ಭೇಟಿ ಕೊಡುತ್ತಾರೆಂಬ ಸುದ್ದಿ ಬಂತು. ಆಗ ಪ್ರಸನ್ನಕುಮಾರ್ ಅವರಿಗೆ ದರ್ಶನವಾಯಿತು. ದರ್ಶನದಲ್ಲಿ ಕಂಡದ್ದು ಊರಿನ ಭೀಮ ಎಂಬವನು ಶುಂಠಿ ಸಾಗಿಸುವ ಟೆಂಪೋ. ಅಧ್ಯಕ್ಷರು ಅರಕಲಗೂಡಿಗೆ ಬಂದ ದಿನ ಹೊಳೆನರಸೀಪುರದವರೂ ಚನ್ನರಾಯಪಟ್ಟಣದವರೂ ಇಲ್ಲಿ ಬಂದು ಕೂರುವುದು, ಅಲ್ಲಿಗೆ ಹೋದ ದಿನ ಇಲ್ಲಿನವರು ಅಲ್ಲಿ ಕೂರುವುದು. ಈ ಏರ್ಪಾಟಿಗೆ ಅವರು 'ಸಹೋದರ ಸೇವೆ' ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಮನಸ್ಸಿಗೆ ಚುಚ್ಚುವುದು ನಿಂತುಹೋಯಿತು.

ಎಲ್ಲ ಸುಸೂತ್ರವಾಗಿಯೇ ನಡೆಯುತ್ತಿತ್ತು, ಸಾಕ್ಷಿ ಹೇಳುವ ಪದ್ಧತಿಯೊಂದು ಇಲ್ಲದಿದ್ದರೆ. ಈ ಸಭೆಗಳಲ್ಲಿ ದೊಡ್ಡವರು ಬಂದ ದಿನ ಪ್ರಸಂಗಕ್ಕೆ ಮುಂಚೆ ಯಾರಾದರೂ ಎದ್ದು ನಿಂತು ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬೇಕು. ಅರಕಲಗೂಡಿನಲ್ಲಿ ಎದ್ದು ನಿಂತವಳು ಅಣ್ಣಮ್ಮ. ಒಂಟಿ ಹೆಂಗಸು, ವಯಸ್ಸಾದವಳು, ಚರ್ಚಿನ ಹಿಂದಿನ ಬೀದಿಯಲ್ಲೇ ಮನೆ. ಮಳೆಗಾಲದಲ್ಲಿ ಚಿಕೂನ್‌ಗುನ್ಯ ಬಂದು ಎಷ್ಟೋ ದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

"ಸ್ತೋತ್ರ," ಅಂದಳು ಅಣ್ಣಮ್ಮ. "ನನ್ನ ಮಣಕಾಲು ಮಡಚಕ್ಕೇ ಆಯ್ತಿರ್ನಿಲ್ಲ. ಇವತ್ತು ಪ್ರಾರ್ಥನೆ ಮಾಡ್ಕಂಡು ಎದ್ದೆ, ನೋವು ಓಗೈತೆ ಅಂತೀನಿ." ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ಪ್ರಸನ್ನಕುಮಾರ್ ಅವರಿಗೆ ಸಪೋಟ ಮರಗಳು ಸ್ಪಷ್ಟವಾಗಿ ಕಂಡವು.

ಮುಂದಿನ ಭಾನುವಾರ ಹೊಳೆನರಸೀಪುರದಲ್ಲಿ 'ಸಾಕ್ಷಿ ಯಾರಾದರೂ' ಎಂದು ಪಾಪಯ್ಯ ಕೇಳಿದ್ದೇ ತಡ, ಮೂರನೇ ಬೆಂಚಿನಿಂದ ಅಣ್ಣಮ್ಮ ಎದ್ದಳು. ಮತ್ತೆ ಅದೇ ಮೊಣಕಾಲು, ಅದೇ ವಾಸಿ. ಪ್ರಸನ್ನಕುಮಾರ್ ಬೆವೆತುಹೋದರು. ಹೊರಗೆ ಬಂದಾಗ ಅವಳನ್ನು ಬೇವಿನ ಮರದ ಕೆಳಕ್ಕೆ ಕರೆದು ಕೇಳಿದರು: "ಅಣ್ಣಮ್ಮ, ಹೋದ ವಾರವೇ ವಾಸಿ ಆಯ್ತಲ್ಲಮ್ಮ. ಮತ್ತೆ ಯಾಕೆ ಹೇಳಿದ್ರಿ?"

"ವಾಸಿ ಆಗಿತ್ತು ಕಣಯ್ನೋರೆ. ಭೀಮನ ಟೆಂಪೋದಲ್ಲಿ ಕುಂತ್ಕಂಡು ಬಂದ್ನಲ್ಲ, ತಿರ್ಗ ಇಡ್ಕತು. ಇಲ್ಲಿ ಪ್ರಾರ್ಥನೆ ಮಾಡ್ದೆ, ತಿರ್ಗ ಬುಡ್ತು. ದ್ಯಾವ್ರು ಎಲ್ಡು ಕಿತ ಮಾಡವ್ನೆ, ನಾನು ಒಂದೇ ಕಿತ ಯೋಳಿದ್ರೆ ಎಂಗೆ?"

ಇದಕ್ಕೆ ಉತ್ತರ ಕೊಡಲು ದೈವಶಾಸ್ತ್ರದ ಪದವಿ ಸಾಲದು. ಚನ್ನರಾಯಪಟ್ಟಣದಲ್ಲಿ ಅವಳನ್ನು ಕಂಬದ ಮರೆಗೆ ಕೂರಿಸಿದರು. ಅಣ್ಣಮ್ಮ ಕಂಬ ಹಿಡಿದುಕೊಂಡು ಎದ್ದಳು.

ಅಂದು ಊಟಕ್ಕೆ ಕೂತಾಗ ಅಧ್ಯಕ್ಷರು ಎಲೆಯ ಮೇಲಿಂದ ತಲೆಯೆತ್ತದೆ ಕೇಳಿದರು: "ರವೀಂದ್ರ, ಚನ್ನರಾಯಪಟ್ಟಣದ ಕಡೇನೂ ಶುಂಠಿ ಹಾಕ್ತಾರೇನು? ಜನದ ಮೈಮೇಲೆಲ್ಲ ಶುಂಠಿ ವಾಸನೆ." ರವೀಂದ್ರರು ನೀರು ಕುಡಿಯುವುದಕ್ಕೆ ಲೋಟ ಎತ್ತಿದವರು ಇಳಿಸಲೇ ಇಲ್ಲ. ಪ್ರಸನ್ನಕುಮಾರ್ ಮುದ್ದೆ ಮುರಿಯುವುದರಲ್ಲಿ ಮಗ್ನರಾದರು. ಅಧ್ಯಕ್ಷರು ಮಾತ್ರ ಸಾರು ಬಡಿಸಿಕೊಂಡು, ಬೆಳವಣಿಗೆ ಬಹಳ ಚೆನ್ನಾಗಿದೆ ಎಂದರು.

ಟೆಂಪೋದಲ್ಲಿ ಗಿಡ್ಡಯ್ಯನೂ ಬರುತ್ತಿದ್ದ. ಅಣ್ಣಮ್ಮನ ಪಕ್ಕದ ಮನೆಯವನು, ಹೊಗೆಸೊಪ್ಪಿನ ಬೇಸಾಯಗಾರ, ಬಸವಣ್ಣನ ಒಕ್ಕಲು. ಅವನಿಗೂ ಸಭೆಗೂ ಇದ್ದ ಸಂಬಂಧ ಎಂದರೆ ಆರಾಧನೆ ಮುಗಿದ ಮೇಲಿನ ಕೋಳಿ ಸಾರು. 'ನಮ್ಮನೆ ದ್ಯಾವ್ರು ಏನೂ ಅನ್ಕಳಕಿಲ್ಲ, ಊಟಕ್ ತಾನೆ' ಎಂದು ಅವನು ಮೊದಲೇ ಇತ್ಯರ್ಥ ಮಾಡಿಕೊಂಡಿದ್ದ. ಕೀರ್ತನೆಯನ್ನಂತೂ ಸಭೆಯವರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ. ಅಧ್ಯಕ್ಷರ ಲೆಕ್ಕದಲ್ಲಿ ಅವನೂ ಬೆಳವಣಿಗೆಯೇ.

ಡಿಸೆಂಬರ್ ಬಂತು. ಪ್ರಸನ್ನಕುಮಾರ್ 'ಸೇವೆ ಮತ್ತು ಬೆಳವಣಿಗೆಯ ವರ್ಷ' ಎಂಬ ಸಿಂಹಾವಲೋಕನ ಬರೆಯಲು ಕೂತರು. ಸಿಂಹ ಹಿಂತಿರುಗಿ ನೋಡಿದಾಗ ಕಂಡದ್ದು ಇಷ್ಟು. ಪರಿಸರ ದಿನಕ್ಕೆ ಸಸಿ ನೆಟ್ಟಿದ್ದರು, ಹೋದ ವರ್ಷದ ಗುಂಡಿಯಲ್ಲೇ, ಏಕೆಂದರೆ ಹೋದ ವರ್ಷದ ಸಸಿ ಅಲ್ಲೇ ಒಣಗಿ ಜಾಗ ಬಿಟ್ಟುಕೊಟ್ಟಿತ್ತು. ಆರೋಗ್ಯ ಶಿಬಿರ ನಡೆಸಿದ್ದರು. ಜನ ಬಾರದ್ದರಿಂದ ಬಂದ ವೈದ್ಯರ ರಕ್ತದೊತ್ತಡವನ್ನೇ ಪರೀಕ್ಷಿಸಿ ಕಳಿಸಲಾಗಿತ್ತು. ಕಂಬಳಿ ಹಂಚಿದ್ದರು, ಫೋಟೋ ಚೆನ್ನಾಗಿ ಬರಲಿಲ್ಲವೆಂದು ವಾಪಸು ಈಸಿಕೊಂಡು ಮತ್ತೊಮ್ಮೆ ಹಂಚಿದ್ದರು. ಇವೆಲ್ಲ ಬರೆದ ಮೇಲೆ ಕೈಗೆ ರೂಢಿಯಾಗಿದ್ದ ಒಂದು ವಾಕ್ಯ ತಾನಾಗಿಯೇ ಬಂದು ಕೂತಿತು: 'ಕಾಯಿಲೆಯವರ ಮನೆಗಳಿಗೆ ಹೋಗಿ, ಅವರ ಹಾಸಿಗೆಯ ಪಕ್ಕ ಕೂತು ಸಂತೈಸಿದೆವು.'

ಸ್ನೇಹಲತಾ ಚಹಾ ತಂದವರು ಬಗ್ಗಿ ಓದಿದರು. "ಅಣ್ಣಮ್ಮ ಅಷ್ಟು ದಿನ ಮಲಗಿದ್ದಾಗ ನೀವು ಹೋಗಲೇ ಇಲ್ವಲ್ಲ."

"ಆಗ ನನಗೆ ಹಾಸನದಲ್ಲಿ ತರಬೇತಿ ಇತ್ತು."

"ಏನು ತರಬೇತಿ?"

"ಸಭೆ ಬೆಳೆಸೋದು ಹೇಗೆ ಅಂತ," ಎಂದರು ಪ್ರಸನ್ನಕುಮಾರ್. ಹೇಳುವಾಗ ತುಸು ಇರುಸುಮುರುಸಾಯಿತು. "ವಾಟ್ಸಾಪಿನಲ್ಲಿ ಕೈ ಮುಗಿದದ್ದು ಕಳಿಸಿದ್ದೆ."

"ಅವಳ ಹತ್ರ ಇರೋದು ಗುಂಡಿ ಫೋನು. ಗಿಡ್ಡಯ್ಯ ಇಲ್ಲದಿದ್ದರೆ ಅವಳ ಗತಿ ಏನಾಗ್ತಿತ್ತೋ. ತನ್ನ ಟಿವಿಎಸ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದ, ಗಂಜಿ ಕಾಯಿಸಿ ಕೊಟ್ಟ."

"ಸರಿ, ಈಗೇನು ಮಾಡಲಿ? ಆ ವಾಕ್ಯ ತೆಗೆದರೆ ಪ್ಯಾರಾ ಕುಂಟುತ್ತೆ," ಎಂದರು ಪ್ರಸನ್ನಕುಮಾರ್. ಸ್ನೇಹಲತಾ ಲೋಟ ತೆಗೆದುಕೊಂಡು ಒಳಗೆ ಹೋದರು. ಹಾಸನದ ಮಾರುಕಟ್ಟೆ ಆಕೆಗೂ ಬೇಕಾಗಿತ್ತು, ಅದಕ್ಕೇ ಹೆಚ್ಚು ಮಾತಾಡಲಿಲ್ಲ.

ಆ ವಾರವೇ ಅಧ್ಯಕ್ಷರ ಫೋನು ಬಂತು. ಮೂರೂ ಸಭೆಗಳ ಬೆಳವಣಿಗೆ ಕಂಡು ಹೃದಯ ತುಂಬಿ ಬಂದಿದೆಯಂತೆ. ಬಿಷಪ್ಪರೇ ಬರುತ್ತಾರಂತೆ. ವರ್ಷದ ಕೊನೆಯ ಭಾನುವಾರ ಹಾಸನದ ದೊಡ್ಡ ಚರ್ಚಿನ ಅಂಗಳದಲ್ಲಿ ಮೂರೂ ಸಭೆಗಳು ಒಟ್ಟಿಗೆ ಸೇರಿ ಆರಾಧನೆ. ಶಾಮಿಯಾನಕ್ಕೆ ಹೇಳಿಯಾಗಿದೆಯಂತೆ.

ಪ್ರಸನ್ನಕುಮಾರ್ ಫೋನು ಕೆಳಗಿಟ್ಟು ಲೆಕ್ಕ ಹಾಕಿದರು. ಒಂದೇ ಟೆಂಪೋ ಜನವನ್ನು ಮೂರು ಊರಲ್ಲಿ ತೋರಿಸಬಹುದು, ಒಂದೇ ಅಂಗಳದಲ್ಲಿ ಮೂರು ಸಲ ತೋರಿಸುವುದು ಹೇಗೆ? ರವೀಂದ್ರರಿಗೆ ಫೋನು ಮಾಡಿದರೆ ಅವರಿಗೆ ಆಗಲೇ ಜ್ವರ ಬಂದಿತ್ತು. ಪಾಪಯ್ಯನವರು, 'ಎಲ್ಲ ದೇವರ ಚಿತ್ತ, ಯೋಚನೆ ಮಾತ್ರ ನಿಮ್ಮದು' ಎಂದುಬಿಟ್ಟರು.

ಆ ಭಾನುವಾರ ಹಾಸನದ ಅಂಗಳದಲ್ಲಿ ಇಳಿದಾಗ ಪ್ರಸನ್ನಕುಮಾರ್ ಅವರಿಗೆ ಮೊದಲು ಕಂಡದ್ದು ಕುರ್ಚಿಗಳಲ್ಲ, ಬೋರ್ಡುಗಳು. ಕುರ್ಚಿಗಳನ್ನು ಮೂರು ಪಾಲು ಮಾಡಿ, ಒಂದೊಂದರ ತಲೆಯ ಮೇಲೂ ಬಣ್ಣದ ಬೋರ್ಡು ತೂಗುಹಾಕಿದ್ದರು: ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ. ಭೀಮನ ಟೆಂಪೋ ಮೂರೂ ಊರು ಸುತ್ತಿ ತಂದ ಜನ ಶುಂಠಿ ಮಣ್ಣು ಕೊಡವಿಕೊಂಡು ಇಳಿದು, ಬೋರ್ಡುಗಳ ಮುಂದೆ ಹಿಂಡಾಗಿ ನಿಂತರು. ಎಲ್ಲರೂ ಮೂರೂ ಕಡೆ ಕೂತು ಅಭ್ಯಾಸವಾದವರು. ಎಲ್ಲಿ ಕೂತರೂ ತಪ್ಪಲ್ಲ ಎಂದು ಗೊತ್ತು, ಆದರೆ ಇವತ್ತು ಎಲ್ಲಿ ಎಂದು ಗೊತ್ತಿಲ್ಲ.

ಅಧ್ಯಕ್ಷರು ಅಲ್ಲೇ ಹತ್ತಿರದಲ್ಲಿ ನಿಂತಿದ್ದರು. ಅಣ್ಣಮ್ಮ ಮೊಣಕಾಲು ಹಿಡಿದುಕೊಂಡು ಮುಂದೆ ಬಂದಳು. ಕಿವಿ ಸ್ವಲ್ಪ ಮಂದವಾದ್ದರಿಂದ ಅವಳ ಮಾತು ಯಾವಾಗಲೂ ಊರಿಗೇ ಕೇಳುವಂಥದ್ದು.

"ಅಯ್ನೋರೆ, ಇವತ್ತು ನಾವು ಯಾವೂರೋರು?"

ರವೀಂದ್ರರು ಶಾಮಿಯಾನದ ಹಗ್ಗ ಪರೀಕ್ಷಿಸಲು ಹೊರಟರು. ಪಾಪಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಪ್ರಸನ್ನಕುಮಾರ್ ಅವರ ಕಣ್ಣ ಮುಂದೆ ಬಂಗಲೆ, ನಲ್ಲಿ, ಸಪೋಟ ಮರ ಎಲ್ಲ ಒಟ್ಟಿಗೆ ಗಂಟು ಮೂಟೆ ಕಟ್ಟಿದವು.

ಅಧ್ಯಕ್ಷರು ಅಣ್ಣಮ್ಮನನ್ನು ನೋಡಿದರು, ಹಿಂಡನ್ನು ನೋಡಿದರು, ಆಮೇಲೆ ಗಡಿಯಾರ ನೋಡಿಕೊಂಡರು.

"ಬಿಷಪ್ಪರು ಬೂವನಹಳ್ಳಿ ದಾಟಿದಾರಂತೆ," ಎಂದರು ಶಾಂತವಾಗಿ. "ಬೋರ್ಡು ಇಳಿಸಿ. ಕರ್ತನ ಮುಂದೆ ಊರು ಕೇರಿ ಏನು? ಎಲ್ಲ ಒಟ್ಟಿಗೆ ಕೂತ್ಕೊಳ್ಳಿ. ಕುರ್ಚಿ ಮಧ್ಯೆ ಒಂದಿಷ್ಟು ಜಾಗ ಬಿಟ್ಕೊಂಡು ಕೂತ್ಕೊಳ್ಳಿ, ಸೆಖೆ." ಡಿಸೆಂಬರಿನ ಚಳಿಗೆ ಗಿಡ್ಡಯ್ಯ ತಲೆಗೆ ಮಫ್ಲರ್ ಸುತ್ತಿಕೊಂಡಿದ್ದ.

ಪ್ರಸನ್ನಕುಮಾರ್ ಅವರಿಗೆ ಆಗ ಹೊಳೆಯಿತು. ಮೂರು ಸಭೆ ಬೆಳೆದರೆ ಬಿಷಪ್ಪರ ಮುಂದೆ ಬೆಳೆಯುವವರು ಅಧ್ಯಕ್ಷರು. ಶುಂಠಿ ವಾಸನೆ ಅವರಿಗೆ ಮೊದಲ ದಿನವೇ ಹತ್ತಿತ್ತು. ಸುಮ್ಮನೆ ಬೆವೆತೆನಲ್ಲಾ ಎಂದು ಬೇಸರವೂ ಆಯಿತು, ಕಾಲಿಗೆ ಬೀಳುವಷ್ಟು ಸಂತೋಷವೂ ಆಯಿತು.

ಆರಾಧನೆ ಅದ್ದೂರಿಯಾಗಿ ನಡೆಯಿತು. ಅಣ್ಣಮ್ಮನ ಮೊಣಕಾಲು ಹಾಸನದಲ್ಲೂ ವಾಸಿಯಾಯಿತು, ಬಿಷಪ್ಪರು ಕಣ್ಣೊರೆಸಿಕೊಂಡರು. ಆಮೇಲೆ ಪ್ರಸನ್ನಕುಮಾರ್ ಸಿಂಹಾವಲೋಕನ ಓದಿದರು. ಸಸಿ ಓದಿದರು, ಶಿಬಿರ ಓದಿದರು, ಕಂಬಳಿ ಓದಿದರು. ಕಾಯಿಲೆಯವರ ಮನೆಯ ವಾಕ್ಯ ಬಂದಾಗ ಎದುರಿಗೇ ಅಣ್ಣಮ್ಮ ಕೂತಿದ್ದಳು. ನಾಲಿಗೆ ಒಂದು ಗಳಿಗೆ ತಡವರಿಸಿತು. ಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಿಷಪ್ಪರು ಕಿವಿಗೊಟ್ಟು ಕೇಳುತ್ತಿದ್ದರು. ಪ್ರಸನ್ನಕುಮಾರ್ ವಾಕ್ಯವನ್ನು ಪೂರ್ತಿ ಓದಿದರು, ಅಷ್ಟೇ ಅಲ್ಲ, 'ಹಾಸಿಗೆಯ ಪಕ್ಕ' ಎಂಬಲ್ಲಿ ದನಿಯನ್ನು ಕೊಂಚ ನಡುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣಮ್ಮನೂ ತಟ್ಟಿದಳು.

ಊಟಕ್ಕೆ ಮುಂಚೆ ಅಧ್ಯಕ್ಷರು ಮೈಕು ಹಿಡಿದು ಹಾಸನದ ಹೊಸ ಪಾಲಕರ ಹೆಸರು ಹೇಳಿದರು. ಸ್ನೇಹಲತಾ ಸೆರಗಿನಿಂದ ಕಣ್ಣೊತ್ತಿಕೊಂಡರು. ಅಧ್ಯಕ್ಷರು ಪ್ರಸನ್ನಕುಮಾರ್ ಅವರ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದರು: "ಜನ ಸೇರಿಸೋ ವರ ನಿಮಗಿದೆ. ಆ ಟೆಂಪೋದವನ ನಂಬರ್ ಇಟ್ಕೊಂಡಿರಿ."

ಊಟವಾದ ಮೇಲೆ ಹೊಸ ಪಾಲಕರು ಜನರನ್ನು ಬೀಳ್ಕೊಡಲು ಟೆಂಪೋದ ಬಳಿಗೆ ಹೋದರು. ಗಿಡ್ಡಯ್ಯ ಮೇಲೆ ನಿಂತು ಅಣ್ಣಮ್ಮನ ಎರಡೂ ರಟ್ಟೆ ಹಿಡಿದು ಎಳೆಯುತ್ತಿದ್ದ. ಅವಳ ಕಾಲು ಮಡಚುತ್ತಿರಲಿಲ್ಲ. ಪ್ರಸನ್ನಕುಮಾರ್ ಕೆಳಗಿನಿಂದ ಕೈಕೊಟ್ಟರು. ಅವಳು ಶುಂಠಿ ಚೀಲದ ಮೇಲೆ ಕೂತು, ಸುಧಾರಿಸಿಕೊಂಡು, ಸೀರೆ ಸರಿಮಾಡಿಕೊಂಡಳು.

"ಅಯ್ನೋರೆ, ಚೆಂದಾಗಿ ಓದುದ್ರಿ," ಅಂದಳು. "ಒಂದ್ ಕೇಳ್ಬೇಕು ಅಂತಿದ್ದೆ. ಕಾಯ್ಲೆಯೋರ ಮನೇಗೋಗಿ ಕುಂತಿದ್ವಿ ಅಂದ್ರಲ್ಲ, ಯಾರ ಮನೆ ಅದು?"

ಪ್ರಸನ್ನಕುಮಾರ್ ಟೆಂಪೋದ ಹಲಗೆ ಹಿಡಿದು ನಿಂತರು.

"ನಂಗೂ ಒಂದ್ ಮಾತು ಯೋಳಿದ್ರೆ ನಾನೂ ಬತ್ತಿದ್ದೆ ಕಣಯ್ಯ. ಕಾಲು ನೋಯ್ತಿತ್ತು, ದಿಟ. ಎಂಗೋ ತೆವುಳ್ಕಂಡಾದ್ರೂ ಬತ್ತಿದ್ದೆ. ಮಲೀಕಂಡೋರು ಬಾಗಿಲನ್ನೇ ನೋಡ್ತಿರ್ತಾರೆ, ಯಾರಾರ ಬಂದಾರಾ ಅಂತ. ನಂಗ್ ಗೊತ್ತಲ್ಲ."

ಅವಳ ಮುಖದಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಪ್ರಸನ್ನಕುಮಾರ್ ಅವರಿಗೆ ಸುಲಭವಾಗುತ್ತಿತ್ತು, ಕೊಂಕಿಗೆ ಉತ್ತರ ಕೊಟ್ಟು ಅಭ್ಯಾಸವಿತ್ತು. ಗಿಡ್ಡಯ್ಯ ಮಫ್ಲರ್ ಬಿಚ್ಚಿ ಅವಳ ಮೊಣಕಾಲಿಗೆ ಸುತ್ತಿ ಕಟ್ಟುತ್ತಿದ್ದ. ಅವನು ತಲೆಯೆತ್ತಿ ಪಾಲಕರ ಮುಖವನ್ನೊಮ್ಮೆ ನೋಡಿ, ಮತ್ತೆ ಗಂಟು ಹಾಕುವುದರಲ್ಲಿ ತೊಡಗಿದ.

"ಯಾರ ಮನೆ ಅಯ್ನೋರೆ?" ಎಂದಳು ಅಣ್ಣಮ್ಮ ಇನ್ನೊಮ್ಮೆ, ಮೊದಲ ಸಲ ಕೇಳಿಸಲಿಲ್ಲವೇನೋ ಎಂದುಕೊಂಡು ದನಿ ಎತ್ತರಿಸಿ.

ಪ್ರಸನ್ನಕುಮಾರ್ ಅವರಿಗೆ ನಾಚಿಕೆಯಾಯಿತು. ಆ ವರ್ಷ ಅವರಿಗೆ ಯಾರಾದರೂ ನೋಡಲಿ ಎಂದಲ್ಲದೆ ಆದದ್ದು ಅದೊಂದೇ. ಟೆಂಪೋ ಹೊಗೆಯುಗುಳಿ ಹೊರಟಿತು. ಅದು ಗೇಟು ದಾಟುವವರೆಗೂ ಅಣ್ಣಮ್ಮ ಉತ್ತರಕ್ಕಾಗಿ ಕಿವಿಗೆ ಕೈ ಆನಿಸಿಕೊಂಡೇ ಇದ್ದಳು.