ಕರಿ ಚೀಲದ ಸೂಜಿ

"ಕಣ್ಣ ಅದಾವೋ ಇಲ್ಲೋ ನಿನಗ? ಪೇಶಂಟ್ ವಾಂತಿ ಮಾಡಿ ಎಷ್ಟ ಹೊತ್ತಾತು? ಪಗಾರ ತಗೊಳಾಕ ಮುಂದ ಬರ್ತಿ, ಬಗ್ಗಾಕ ಸೊಂಟ ಬರಂಗಿಲ್ಲೇನ ಹಡಬಿ?"

ಮಹಿಳಾ ವಾರ್ಡಿನ ಇನ್‌ಚಾರ್ಜ್ ವೈಶಾಲಿ ಸಿಸ್ಟರ್ ಬೆಳಗಾವಿಯವಳು. ಡಾಕ್ಟರರ ಜೊತೆ ಇಂಗ್ಲಿಷು, ರೋಗಿಗಳ ಜೊತೆ ಮರಾಠಿ, ಹಿಂದಿ. ಆಕೆಗೆ ಕನ್ನಡವೂ ಬರುತ್ತದೆಂದು ತಿಳಿಯುತ್ತಿದ್ದುದು ಸಫಾಯಿ ಹೆಂಗಸರನ್ನು ಬೈಯುವಾಗ ಮಾತ್ರ.

ಸಫಾಯಿಯ ಅಂಬವ್ವ ಮಂಡಿಯೂರಿ ವಾಂತಿ ಬಳಿಯತೊಡಗಿದಳು. ಪಕ್ಕದ ಮಂಚದಲ್ಲಿ ಮುದುಕಿಯೊಬ್ಬಳ ಬಿಪಿ ನೋಡುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ ಶೀತಲ್‌ಳ ಕೈ ನಿಂತಿತು. ಅಂಬವ್ವ ತಲೆ ಎತ್ತದೆಯೇ ಎಡಗೈಯನ್ನು ನೆಲದ ಮೇಲೆ ಸ್ವಲ್ಪ ಆಡಿಸಿದಳು. ಸುಮ್ಮನಿರು ಎಂದು ಅದರ ಅರ್ಥ. ಶೀತಲ್ ರಬ್ಬರ್ ಬಲ್ಬನ್ನು ಮತ್ತೆ ಒತ್ತಿದಳು. ಮುಳ್ಳು ಎಲ್ಲಿ ನಿಂತಿತೆಂದು ಅವಳಿಗೇ ತಿಳಿಯಲಿಲ್ಲ.

ಅವರಿಬ್ಬರೂ ತಾಯಿ ಮಗಳು. ಜೋಗೇಶ್ವರಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಅದು ಗೊತ್ತಿದ್ದುದು ಮುಕಾದಮ ಶೆಟ್ಟೆಪ್ಪನೊಬ್ಬನಿಗೆ. ಗುತ್ತಿಗೆದಾರನ ಪರವಾಗಿ ಸಫಾಯಿಗೆ ಜನ ಹಚ್ಚುವವನು ಅವನು. ಅಂಬವ್ವನ ಹಾಗೆಯೇ ವಿಜಯಪುರದ ಕಡೆಯವನು. ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಟ್ರಸ್ಟಿನವರು ಅರ್ಧ ಫೀ ಬಿಟ್ಟು ಶೀತಲ್‌ಗೆ ಸೀಟು ಕೊಟ್ಟಾಗ ಅವನೇ ಹೇಳಿದ್ದ: "ನೋಡ ಅಂಬವ್ವ, ಮಗಳು ಬಿಳಿ ಅರಿವಿ ಹಾಕ್ಕೋಬೇಕಂದ್ರ ನೀ ಆಕಿ ಅವ್ವ ಅನ್ನೂದು ಒಬ್ಬರಿಗೂ ತಿಳೀಬಾರದು. ಹೇಲು ಬಳಿಯೋರ ಮಗಳ ಕೈಲೆ ಯಾರ ಇಂಜೆಕ್ಷನ್ ಮಾಡಿಸ್ಕೋತಾರ?"

ಈಗ ಮೂರನೇ ವರ್ಷ. ಧಾರಾವಿಯ ಒಂದೇ ಖೋಲಿಯಿಂದ ಹೊರಟ ತಾಯಿ ಮಗಳು ಮಾಹಿಮ್ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನ ಬೇರೆ ಬೇರೆ ಡಬ್ಬಿ ಹತ್ತುತ್ತಿದ್ದರು. ಆಸ್ಪತ್ರೆಯ ಗೇಟು ದಾಟಿದ ಮೇಲೆ ಪರಕೀಯರು.

ಶೀತಲ್‌ಗೆ ಎಲ್ಲಿಯೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಲ್ಲಿಯ ಸಾಲಿನಲ್ಲಿ ನಿಂತಾಗ ಅಪ್ಪನ ಚಿಂತೆ. ಕಟ್ಟಡದ ಮೇಲಿಂದ ಬಿದ್ದು ಸೊಂಟ ಕಳಕೊಂಡ ಭೀಮರಾಯನನ್ನು ಮಗ್ಗುಲು ಹೊರಳಿಸಿ, ಒರೆಸಿ, ನಾಷ್ಟಾ ತಿನ್ನಿಸಿ ಹೊರಡಬೇಕು. ಅವನ ಬೆನ್ನು ಒರೆಸುವಾಗ ಲೋಕಲ್ ತಪ್ಪುವ ಚಿಂತೆ. ಲೋಕಲ್‌ನಲ್ಲಿ ಜನರ ನಡುವೆ ಒತ್ತಿಕೊಂಡು ನಿಂತು ಔಷಧಿಗಳ ಹೆಸರು ಗುನುಗುವಾಗ, ಮನೆಯಲ್ಲಿ ಬಿದ್ದಿರುವ ಜೀನ್ಸ್ ಗಂಟಿನ ಚಿಂತೆ. ಸಂಜೆ ಅದರ ಹೊಲಿಗೆಯ ಇಳಿಬಿದ್ದ ದಾರ ಕತ್ತರಿಸಿ ಕಾರ್ಖಾನೆಗೆ ಮುಟ್ಟಿಸಿದರೆ ಮಿಕ್ಕ ಅರ್ಧ ಫೀ. ಕತ್ತರಿ ಒಂದು ಕೈಯಲ್ಲಿ, ಪುಸ್ತಕ ತೊಡೆಯ ಮೇಲೆ. ಓದಿದ್ದು ದಾರದ ಚೂರಿನ ಹಾಗೆ ಎಲ್ಲೆಲ್ಲೋ ಉದುರಿಹೋಗುತ್ತಿತ್ತು. ಕೊನೆಯ ಪರೀಕ್ಷೆ ಹತ್ತಿರ ಬಂದಿತ್ತು.

ಆ ವಾರ ಆಸ್ಪತ್ರೆಗೆ ತಪಾಸಣೆಯವರು ಬರುವವರಿದ್ದರು. ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿಗಳನ್ನು ವೈಶಾಲಿ ಹೊಸದಾಗಿಯೇ ಇರಲೆಂದು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಳು. ಸದ್ಯ ಕರಿ ಚೀಲಕ್ಕೆ ಹಾಕಿರೆಂದು ನರ್ಸುಗಳಿಗೂ ವಿದ್ಯಾರ್ಥಿನಿಯರಿಗೂ ಹೇಳಿದ್ದಳು. ಊಟದ ತಟ್ಟೆ, ಕಾಗದ, ಹಣ್ಣಿನ ಸಿಪ್ಪೆ ಬೀಳುವ ಚೀಲಕ್ಕೆ ಎಲ್ಲರೂ ಸೂಜಿ ಎಸೆದರು.

ವಾಂತಿ ಬಳಿದ ಬಟ್ಟೆ ತೊಳೆದು ಅಂಬವ್ವ ಆ ಚೀಲ ಎತ್ತಿಕೊಂಡಳು. ಬೆಡ್‌ಪ್ಯಾನ್ ತೊಳೆಯಲು ಹಿಂದಿನ ಕೋಣೆಗೆ ಬಂದ ಶೀತಲ್, ತಾಯಿ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುವುದನ್ನು ಕಂಡಳು. ಸೆರಗಿನಲ್ಲಿ ರಕ್ತದ ಚುಕ್ಕೆ ಇತ್ತು.

"ಏನಾತು?"

"ಏನಿಲ್ಲ, ನೀ ಹೋಗ. ಯಾರರೆ ನೋಡ್ತಾರ."

ಶೀತಲ್ ತಾಯಿಯ ಕೈಯನ್ನು ನಲ್ಲಿಯ ಕೆಳಗೆ ಎಳೆದು ಸಾಬೂನು ಹಚ್ಚಿ ತೊಳೆದಳು. ಚೀಲ ಹರಿದ ಕಡೆಯಿಂದ ಸೂಜಿಯ ತುದಿ ಇಣುಕುತ್ತಿತ್ತು. ಕಿಟಕಿಯ ಬದಿಯ ರೋಗಿಗೆ ಎಚ್‌ಐವಿ ಇತ್ತು. ಬೆಳಿಗ್ಗೆ ಆಕೆಯ ರಕ್ತ ತೆಗೆದವರು ಸೂಜಿ ಎಲ್ಲಿ ಹಾಕಿದರು? ಆ ಬೆಳಿಗ್ಗೆ ತಾನೂ ಅದೇ ಚೀಲಕ್ಕೆ ಸೂಜಿ ಹಾಕಿದ್ದು ನೆನಪಾಗಿ ಶೀತಲ್ ತಾಯಿಯ ಬೆರಳಿಗೆ ಮತ್ತೊಮ್ಮೆ ಸಾಬೂನು ಹಚ್ಚಿದಳು.

"ಗಾಬರಿ ಯಾಕ ಆಗ್ತಿ?" ಅಂಬವ್ವ ನಕ್ಕಳು. "ಎಷ್ಟ ಸಲ ಚುಚ್ಚಿಲ್ಲ."

"ಎಷ್ಟ ಸಲ?"

"ಯಾವಾಕಿ ಲೆಕ್ಕ ಇಟ್ಟಾಳ, ಬಿಡ."

ಹೀಗೆ ಚುಚ್ಚಿಕೊಂಡರೆ ಎಚ್‌ಐವಿ ಹತ್ತದಂತೆ ಗುಳಿಗೆ ಇತ್ತು. ಬೇಗ ಶುರು ಮಾಡಿದಷ್ಟು ಒಳ್ಳೆಯದು. ತಡವಾದರೆ ಇದ್ದೂ ಇಲ್ಲದ ಹಾಗೆ. ನರ್ಸಿಗೋ ಡಾಕ್ಟರಿಗೋ ಚುಚ್ಚಿದರೆ ಓಡಿ ಬಂದು ಕೊಡುತ್ತಿದ್ದರು. ಶೀತಲ್ ತಾಯಿಯ ಕೈ ಹಿಡಿದು ಕ್ಯಾಶುವಲ್ಟಿಗೆ ನಡೆದಳು. ದಾರಿಯಲ್ಲಿ ಎದುರಾದ ಸಹಪಾಠಿಗಳು ತಿರುಗಿ ನೋಡಿದರು. ಅಂಬವ್ವ ಕೈ ಬಿಡಿಸಿಕೊಳ್ಳಲು ನೋಡಿದಳು, ಮಗಳು ಬಿಡಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರ್ ಅನಿಕೇತ್ ಎಲ್ಲ ಕೇಳಿ ಕತ್ತು ಆಡಿಸಿದ. "ಗೋಲಿ ಹೈ. ಲೇಕಿನ್ ಇನ್‌ಚಾರ್ಜ್ ಕಾ ಸೈನ್ ಚಾಹಿಯೇ." ವೈಶಾಲಿಯ ಸಹಿ ಇಲ್ಲದೆ ಗುಳಿಗೆಯ ಕಪಾಟು ತೆಗೆಯುವಂತಿಲ್ಲ.

ವೈಶಾಲಿ ತನ್ನ ಕೋಣೆಯಲ್ಲಿ ಶೆಟ್ಟೆಪ್ಪನನ್ನು ಮೊದಲೇ ಕರೆಸಿ ನಿಲ್ಲಿಸಿಕೊಂಡಿದ್ದಳು. ಸುದ್ದಿ ಅವರಿಗಿಂತ ಮುಂಚೆ ಮುಟ್ಟಿತ್ತು.

"ಕರಿ ಚೀಲದಾಗ ಸೂಜಿ ಇತ್ತು ಅಂತ ನಾ ಸಹಿ ಮಾಡ್ಲೇನು? ತಪಾಸಣಿ ವಾರದಾಗ? ಮುನಸಿಪಾಲ್ಟಿ ದವಾಖಾನಿಗೆ ಹೋಗ್ರಿ. ಓಣ್ಯಾಗ ಕಸದಾಗ ಚುಚ್ಚಿತು ಅಂತ ಹೇಳ್ರಿ. ನಿಮ್ಮ ಧಾರಾವ್ಯಾಗ ಕಸಕ್ಕ ಬರಗಾಲೇನು?"

"ಹೂಂ ಬಾಯಾರ, ಹಂಗ ಹೇಳ್ತೀನ್ರಿ" ಎಂದಳು ಅಂಬವ್ವ.

"ಹಂಗ ಹೇಳಂಗಿಲ್ಲ" ಎಂದಳು ಶೀತಲ್. "ಚುಚ್ಚಿದ್ದು ಇಲ್ಲಿ. ಗೋಲಿ ಇಲ್ಲಿ ಅದಾವ. ಇಲ್ಲೇ ಬರೀರಿ."

"ನಿಂದೇನ ನಡುವ? ಸ್ಟೂಡೆಂಟ್ ಇದ್ದೀ, ಸ್ಟೂಡೆಂಟ್ ಇದ್ದಂಗ ಇರು."

"ಇಕಿ ನಮ್ಮವ್ವ."

ಶೆಟ್ಟೆಪ್ಪ ಹಣೆ ಒತ್ತಿಕೊಂಡ. ವೈಶಾಲಿ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಶೀತಲ್‌ಳ ಬಿಳಿ ಯೂನಿಫಾರ್ಮನ್ನು ಕೊರಳಿನಿಂದ ಬೂಟಿನವರೆಗೆ, ಎಲ್ಲೋ ಕೊಳೆ ಹತ್ತಿರಬೇಕು ಎಂಬಂತೆ.

"ಅದಕ್ಕ" ಎಂದಳು. "ಅದಕ್ಕ ನಾ ಅನ್ನಾಕತ್ತಿದ್ದೆ, ಈ ಹುಡುಗಿ ಬಂದ್ರ ಏನೋ ವಾಸನಿ ಬರ್ತೈತಿ ಅಂತ."

ಶೀತಲ್ ಹೊರಗೆ ಹೋದಳು. ಸೋತು ಹೋದಳೆಂದು ಶೆಟ್ಟೆಪ್ಪ ಉಸಿರುಬಿಟ್ಟ. ಅವಳು ದಪ್ಪ ಕೈಗವಸು ಹಾಕಿಕೊಂಡು, ಕರಿ ಚೀಲ ಹಿಡಿದು ವಾಪಸು ಬಂದು, ಅದನ್ನು ವೈಶಾಲಿಯ ಮೇಜಿನ ಮೇಲೆ ಬುಡಮೇಲು ಮಾಡಿದಳು. ಅನ್ನ, ಸಿಪ್ಪೆ, ರಕ್ತದ ಹತ್ತಿ, ಅವುಗಳ ನಡುವೆ ಸೂಜಿಗಳು. ಗಾಜಿನ ಮೇಲೆ ಉರುಳಿ, ಮೊಬೈಲಿಗೆ ತಾಗಿ ನಿಂತವು. ವೈಶಾಲಿ ಕುರ್ಚಿ ಸಮೇತ ಗೋಡೆಗೆ ಸರಿದಳು.

"ಹುಚ್ಚ ರಂಡಿ, ಏನ ಮಾಡಾಕತ್ತಿ?"

"ನಮ್ಮವ್ವಗ ಚುಚ್ಚಿದ್ದು ಇದರಾಗ ಯಾವುದು ಹುಡುಕ್ರಿ. ಕೈಲೆ ಹುಡುಕ್ರಿ. ಆಕಿ ದಿನಾ ಹಂಗ ಹುಡುಕ್ತಾಳ. ಇಲ್ಲಂದ್ರ ಸಹಿ ಮಾಡ್ರಿ."

ಬಾಗಿಲಲ್ಲಿ ಜನ ಸೇರಿದರು. ಸಫಾಯಿ ಹೆಂಗಸರು, ವಿದ್ಯಾರ್ಥಿನಿಯರು, ಡ್ರಿಪ್ ಬಾಟಲಿ ಹಿಡಿದುಕೊಂಡೇ ಎದ್ದು ಬಂದ ಒಬ್ಬ ರೋಗಿ. ಇಬ್ಬರು ಮೂವರು ಮೊಬೈಲ್ ಎತ್ತಿ ಹಿಡಿದಿದ್ದರು. ಮೇಜಿನ ಮೇಲೆ ಕಾಗದ ಇಡಲು ಜಾಗವಿರಲಿಲ್ಲ. ವೈಶಾಲಿ ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿದಳು. ಅನಿಕೇತ್ ತಾನೇ ಗುಳಿಗೆ ತಂದ. ಯಾರ ಮುಖವನ್ನೂ ನೋಡದೆ ಅಂಬವ್ವನ ಅಂಗೈಯಲ್ಲಿ ಹಾಕಿದ.

"ನಾಳಿಂದ ಇಬ್ಬರೂ ಈ ಗೇಟಿನಾಗ ಕಾಲಿಡಂಗಿಲ್ಲ" ಎಂದಳು ವೈಶಾಲಿ. "ಪರೀಕ್ಷಾ ಹೆಂಗ ಬರೀತಿ ನೋಡ್ತೀನಿ."

ಶೆಟ್ಟೆಪ್ಪ ಅಂಬವ್ವನ ಕೊರಳಿನ ಐಡಿ ಕಾರ್ಡಿಗೆ ಆಗಲೇ ಕೈ ಹಾಕಿದ್ದ. ಮೂರು ವರ್ಷ, ಜೀನ್ಸಿನ ಗಂಟು, ಮನೆಯಲ್ಲಿ ಒಂದೇ ಮಗ್ಗುಲಲ್ಲಿ ಬಿದ್ದಿರುವ ಅಪ್ಪ. ಶೀತಲ್ ಗವಸು ಕಳಚಿ ಸುತ್ತಲೂ ನೀರಿಗಾಗಿ ನೋಡಿದಳು. ಕಿಟಕಿಯಲ್ಲಿ ವೈಶಾಲಿಯ ಸ್ಟೀಲ್ ಬಾಟಲಿ ಇತ್ತು. ಮುಚ್ಚಳ ತೆಗೆದು ತಾಯಿಗೆ ಕೊಟ್ಟಳು.

ಅಂಬವ್ವ ವೈಶಾಲಿಯನ್ನು ಒಮ್ಮೆ ನೋಡಿ, ಗುಳಿಗೆ ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಬಾಟಲಿಯನ್ನು ಬಾಯಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದಳು.

"ಬಾಯಿ ಹಚ್ಚಿ ಕುಡಿ ಯವ್ವಾ" ಎಂದಳು ಶೀತಲ್.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅಂಬವ್ವ ಮೆಲ್ಲಗೆ ಬಾಟಲಿ ಇಳಿಸಿ, ತುಟಿ ಊರಿ, ಗುಟುಕರಿಸುವ ಸದ್ದು ಕೋಣೆಗೆಲ್ಲ ಕೇಳುವಂತೆ ಕೊನೆಯ ಹನಿಯವರೆಗೆ ಕುಡಿದಳು.