ಪಾಂಡಾ ಮುಂದೆ ಒಂದು ಮಾತು

ಕಲ್ಲಂಗಡಿ ಹೋಳಿನ ಮೇಲೆ ಖಾರದ ಪುಡಿ ಉದುರುತ್ತಿದೆ, ಕೆಂಪಿನ ಮೇಲೆ ಕೆಂಪು, ರಸ ಲೋಟದ ಅಂಚಿನಿಂದ ಇಳಿದು ತಳ್ಳುಗಾಡಿಯ ಹಲಗೆಯ ಮೇಲೆ ಸುಮ್ಮನೆ ಹರಿದುಹೋಗುತ್ತಿದೆ, ಯಾರೂ ಕುಡಿಯದ ನೀರು — ನೋಡಬೇಡ ಓಟಿಲಿಯಾ, ಮುಂದೆ ನಡೆ, ಡಾಕ್ಟರು ಅಳೆದುಕೊಟ್ಟ ಇವತ್ತಿನ ಪಾಲಿನ ನೀರು ಆಗಲೇ ಅರ್ಧ ಮುಗಿದಿದೆ, ನಾಲಗೆಯನ್ನು ಅಂಗುಳಿಗೆ ಒತ್ತಿ ಹಿಡಿ, ಶುಕ್ರವಾರದ ಆಪರೇಷನ್ ಒಂದು ಕಳೆಯಲಿ, ಆಮೇಲೆ ಕಲ್ಲಂಗಡಿ ಏನು, ಬೇಕಾದರೆ ಚಪುಲ್ಟೆಪೆಕ್ಕಿನ ಕೆರೆಯನ್ನೇ ಕುಡಿ, ಅತ್ತೆಯ ಕಿಡ್ನಿ ನೋಡಿಕೊಳ್ಳುತ್ತದೆ. ಅತ್ತೆಯ ಕಿಡ್ನಿ, ಈ ಎರಡು ಪದ ಜೊತೆಗೆ ಬಂದಾಗಲೆಲ್ಲ ನನಗೆ ಅಳುವೂ ನಗುವೂ ಒಟ್ಟಿಗೆ ಬರುತ್ತವೆ, ಎಡಗೈ ಗುಂಯ್ ಅನ್ನುತ್ತದೆ, ಡಯಾಲಿಸಿಸ್ಸಿಗೆಂದು ರಕ್ತನಾಳಗಳನ್ನು ಹೊಲಿದು ಜೋಡಿಸಿದ ಜಾಗದಲ್ಲಿ ಒಂದು ಜೇನುನೊಣ ಸಿಕ್ಕಿಕೊಂಡಿದೆ, ಹಗಲೂ ರಾತ್ರಿ ಅದೇ ಸದ್ದು, ಮುಂದೆ ಅತ್ತೆ ನಡೆಯುತ್ತಿದ್ದಾರೆ, ಸಂತೆಗೆ ಹೋಗುವ ಪಟ್ಟೆ ಚೀಲ ಹೆಗಲಿಗೆ, ಅದರಲ್ಲಿ ಬ್ರೆಡ್ಡಿನ ತೋರ್ತಾಗಳು, ನನ್ನದು ಉಪ್ಪಿಲ್ಲದ್ದು, ಬೇರೆ ಕರವಸ್ತ್ರದಲ್ಲಿ ಗಂಟು ಹಾಕಿದ್ದು. ಅತ್ತೆ, ಬೀದಿಯವರ ಬಾಯಲ್ಲಿ ದೋನ್ಯಾ ತೊಮಾಸಾ, ಬಂದರು ಅಂದರೆ ಇಸ್ತಪಲಾಪದ ನಮ್ಮ ಬೀದಿ ದಾರಿ ಬಿಡುತ್ತದೆ, ಇಲ್ಲಿ ಮೃಗಾಲಯದ ಜನವೂ ಬಿಡುತ್ತಿದೆ, ಶಾಲೆಯ ಮಕ್ಕಳ ಸಾಲೊಂದು ಎರಡಾಗಿ ಸೀಳಿಕೊಂಡಿತು. ಏ ಹುಡುಗಿ, ಕಾಲಿಗೆ ಸರಪಳಿ ಕಟ್ಟಿದಾರಾ, ಬೇಗ ಬಾ. ಬಂದೆ ಅತ್ತೆ. ಬಂದೆ ಅತ್ತೆ, ಸರಿ ಅತ್ತೆ, ಹಾಗೇ ಆಗಲಿ ಅತ್ತೆ — ಈಚೆಗೆ ನನ್ನ ಬಾಯಲ್ಲಿ ಇವು ಮೂರೇ ಮಾತು ಉಳಿದಿವೆ.

ಭಾನುವಾರ ಬಟ್ಟೆ ಒಣಹಾಕುವಾಗ ಅತ್ತೆ ಹೇಳಿದ್ದು, ಶುಕ್ರವಾರಕ್ಕೆ ಮುಂಚೆ ನಿನ್ ಹತ್ರ ಒಂದ್ ಮಾತಾಡೋದಿದೆ, ಮನೇಲಿ ಬೇಡ, ನಿನ್ ಗಂಡ ನಬೋರ್ ಗೋಡೆಗೆ ಕಿವಿ ಅಂಟಿಸ್ಕೊಂಡು ಕೂತಿರ್ತಾನೆ, ಪಾಂಡಾ ಮುಂದೆ ಹೇಳ್ತೀನಿ. ಯಾಕೆ ಪಾಂಡಾ ಮುಂದೆ ಎಂದು ಕೇಳಲಿಲ್ಲ, ಹಾಗೇ ಆಗಲಿ ಅತ್ತೆ ಅಂದೆ. ಆದರೆ ಮಾತು ಏನೆಂದು ನನಗೆ ಗೊತ್ತು, ಹೋದ ವಾರ ಡಾಕ್ಟರಮ್ಮ ಅವರನ್ನು ಒಬ್ಬರನ್ನೇ ಒಳಗೆ ಕರೆದು ಬಾಗಿಲು ಮುಚ್ಚಿದರು, ಬಾಗಿಲು ತೆಳು, ಕೇಳಿಸಿತು, ದೋನ್ಯಾ, ಸ್ಟ್ರೆಚರ್ ಮೇಲೆ ಮಲಗಿದ ಮೇಲೂ ನೀವು ಬೇಡ ಅನ್ನಬಹುದು, ಕಾರಣ ಕೇಳೋ ಹಕ್ಕು ಯಾರಿಗೂ ಇಲ್ಲ. ಅತ್ತೆ ಏನು ಹೇಳಿದರೋ ಅದು ಕೇಳಿಸಲಿಲ್ಲ. ಬೇಡ ಅಂದರೆ ಅನ್ನಲಿ, ಅರವತ್ತರ ಹತ್ತಿರದ ಹೆಂಗಸು, ಯಾರೋ ಹೆತ್ತ ಮಗಳಿಗಾಗಿ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೆಂದು ಯಾವ ಸಂತ ಬರೆದಿಟ್ಟಿದ್ದಾನೆ, ಇಲ್ಲಿಯವರೆಗೆ ಬಂದದ್ದೇ ದೊಡ್ಡದು, ಬೇಡ ಅಂದರೂ ಕೈ ಮುಗಿಯುತ್ತೇನೆ — ಸುಳ್ಳು, ಬದುಕಬೇಕು ನನಗೆ, ಒಂದು ಲೋಟ ನೀರನ್ನು ಗಟಗಟ ಕುಡಿಯಬೇಕು. ಮತ್ತೆ ಆ ತಗಡು. ಬೆಳಿಗ್ಗೆ ಮೆಟ್ರೋದಲ್ಲಿ ಅತ್ತೆ ಎದೆಯೊಳಗಿಂದ ಕರವಸ್ತ್ರ ತೆಗೆದು ಬಿಡಿಸಿದರು, ಕೆಂಪು ರಿಬ್ಬನ್ನಿನ ತುದಿಗೆ ಬೆರಳುಗುರಿನಷ್ಟು ಹೊಳೆಯುವ ಹರಕೆಯ ತಗಡು, ನೋಡು, ಕಿಡ್ನಿ, ದಿಕ್ಕು ತೋಚದೋರ ಸಂತ ಹೂದಾಸ್‌ಗೆ, ಪಾಂಡಾ ನೋಡ್ಕೊಂಡು ಅಲ್ಲಿಂದ ಸೀದಾ ಹೋಗಿ ಕಟ್ಟಿಬಿಡೋಣ, ಚರ್ಚ್ ಬಾಗಿಲಲ್ಲಿ ಕೂರ್ತಾಳಲ್ಲ ಆ ಮುದುಕಿ ಆರಿಸಿ ಕೊಟ್ಟಳು. ಕೆಲಸ ಆದ ಮೇಲೆ ಕಟ್ಟುವುದು ವಾಡಿಕೆ, ಅತ್ತೆಗೆ ಸಂತರ ಮೇಲೂ ಅವಸರ. ನಾನು ನೋಡಿದೆ. ಅದು ಕಿವಿ. ಸುರುಳಿ ಸುತ್ತಿದ ಅಂಚು, ಕೆಳಗೆ ಜೋತ ಹಾಲೆ, ಹಾಲೆಯಲ್ಲಿ ಓಲೆಗೆಂದು ಚುಚ್ಚಿದ ಚುಕ್ಕಿ ಕೂಡ ಇದೆ, ಕಣ್ಣು, ಕಾಲು, ಹೃದಯ ಎಲ್ಲ ಮಾರುವ ಅಂಗಡಿಯಲ್ಲಿ ಕಿಡ್ನಿ ಇಲ್ಲದ್ದಕ್ಕೆ ಮುದುಕಿ ಕಿವಿಯನ್ನು ದಾಟಿಸಿಬಿಟ್ಟಿದ್ದಾಳೆ. ಮುಂಚಿನ ನಾನಾಗಿದ್ದರೆ ಇಡೀ ಬೋಗಿಗೆ ಕೇಳುವ ಹಾಗೆ ಹೇಳಿರುತ್ತಿದ್ದೆ. ಚೆನ್ನಾಗಿದೆ ಅತ್ತೆ, ಅಂದೆ. ಅತ್ತೆ ನನ್ನ ಮುಖವನ್ನೇ ಒಂದು ನಿಲ್ದಾಣ ದಾಟುವಷ್ಟು ಹೊತ್ತು ನೋಡಿ, ತಗಡನ್ನು ಕರವಸ್ತ್ರದಲ್ಲಿ ಮಡಿಸಿ ಎದೆಯೊಳಗಿಟ್ಟುಕೊಂಡರು. ಕಿಡ್ನಿ ಕೊಡುವವರಿಗೆ ನೀವು ತಂದದ್ದು ಕಿವಿ ಎಂದು ಹೇಗೆ ಹೇಳುವುದು.

ಗಾಜಿನ ಹಿಂದೆ ಅಹೋಲೋಟೆ ಎಂಬ ನೀರುಹಲ್ಲಿಗಳು, ಕತ್ತಿನ ಸುತ್ತ ಪುಕ್ಕದಂಥ ಕಿವಿರು, ಮುಖದ ತುಂಬ ಒಂದು ಪೆದ್ದು ನಗು, ಸೊಚಿಮಿಲ್ಕೋ ಕಾಲುವೆಗಳಲ್ಲಿ ಇನ್ನು ಹುಡುಕಿದರೂ ಸಿಗುವುದು ಕಷ್ಟವಂತೆ, ಇಲ್ಲಿ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಿದ್ದಾರೆ, ಕಾಲು ತುಂಡಾದರೆ ತಾನೇ ಬೆಳೆಸಿಕೊಳ್ಳುತ್ತದೆ ಎಂದು ಫಲಕದಲ್ಲಿದೆ. ಅತ್ತೆ ಓದಿ ನನ್ನ ಪಕ್ಕೆಗೆ ತಿವಿದರು, ನೋಡೇ ಇದನ್ನ, ಇದಕ್ಕೆ ಯಾವ ಅತ್ತೆ ಹಂಗೂ ಇಲ್ಲ. ನಾನು ನಕ್ಕೆ, ನಗುವುದೂ ವಿನಯವಾಗಿ. ಆಚೆ ತೋಳಗಳು, ಹೆಣ್ಣೊಂದು ನೆರಳಿನಲ್ಲಿ ಮಲಗಿ ಮರಿಗಳ ಕಿವಿ ನೆಕ್ಕುತ್ತಿದೆ, ಕಾಡಿನಲ್ಲಿ ಇವು ಮುಗಿದೇ ಹೋಗಿದ್ದವು, ಬೇಲಿಯೊಳಗೆ ಉಳಿದ ನಾಲ್ಕಾರನ್ನು ಯಾರೋ ಜೋಪಾನ ಮಾಡಿ, ಮರಿಗಳನ್ನು ಎಣಿಸಿ ಸಾಕಿ, ಉತ್ತರದ ಬೆಟ್ಟಗಳಿಗೆ ಮತ್ತೆ ಬಿಟ್ಟಿದ್ದಾರೆ, ಆ ಯಾರೋ ಯಾರೆಂದು ತೋಳಕ್ಕೆ ಗೊತ್ತಿಲ್ಲ, ಅದು ಯಾರ ಕಾಲಿಗೂ ಬೀಳಬೇಕಾಗಿಲ್ಲ, ಅದೃಷ್ಟವಂತ ತೋಳ. ನನಗಾದರೋ ಗೊತ್ತು, ಆ ದಿನದ ಅಡುಗೆಮನೆ ಗೊತ್ತು, ನಬೋರನ ರಕ್ತ ಹೊಂದಲಿಲ್ಲ, ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ, ಎಲ್ಲರೂ ಮೇಜಿನ ಸುತ್ತ ತಲೆ ಬಗ್ಗಿಸಿ ಕೂತಿದ್ದೆವು, ಅತ್ತೆ ಕಾಳಿನ ಮಡಕೆಯಲ್ಲಿ ಸೌಟು ತಿರುಗಿಸುತ್ತ ಹಿಂದಿರುಗಿ ಕೂಡ ನೋಡದೆ ಅಂದರು, ಏನ್ ಎಲ್ಲ ಹೆಣ ಮುಂದಿಟ್ಕೊಂಡ ಹಾಗೆ ಕೂತಿದೀರಿ, ನನ್ ಹತ್ರ ಎರಡಿದೆ, ಒಂದು ದಂಡಕ್ಕೆ ಕೂತ್ ತಿಂತಿದೆ. ಅಷ್ಟೇ. ಅಮ್ಮಾ ಎಂದು ನಬೋರ್ ಎದ್ದರೆ ಸೌಟು ತೋರಿಸಿ ಕೂರಿಸಿದರು. ಪರೀಕ್ಷೆಯೆಲ್ಲ ಮುಗಿದ ಮೇಲೆ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು, ಮೂವತ್ತರ ಹುಡುಗಿ ಕಿಡ್ನಿ ಅಂದ್ರು ಡಾಕ್ಟ್ರು, ಮೂವತ್ತರದ್ದು. ಆ ಸಂಜೆಯಿಂದ ನಾನು ಜಗಳ ಬಿಟ್ಟೆ. ಮದುವೆಯಾಗಿ ಬಂದ ಮೊದಲ ವಾರ ಶುರುವಾದದ್ದು ನಮ್ಮ ಜಗಳ, ಕಾಳು ಬೇಯಿಸುವಾಗ ಉಪ್ಪು ಮೊದಲೋ ಕೊನೆಗೋ, ಅವರದು ಮೊದಲು, ನನ್ನದು ಕೊನೆಗೆ, ಮೊದಲು ಹಾಕಿದರೆ ಸಿಪ್ಪೆ ಗಟ್ಟಿಯಾಗುತ್ತದೆಂದು ನನ್ನ ಅಮ್ಮ ಹೇಳಿಕೊಟ್ಟದ್ದು, ನಿಮ್ಮಮ್ಮನ ಮನೇಲಿ ಕಾಳಿಗಿಂತ ಕಲ್ಲೇ ಜಾಸ್ತಿ ಇರ್ಬೇಕು ಎಂದು ಅವರು, ನಿಮ್ಮ ಮಗ ನಾನು ಮಾಡಿದ್ದನ್ನೇ ಎರಡು ಸಲ ಹಾಕಿಸ್ಕೊಳ್ತಾನೆ ಎಂದು ನಾನು, ಮಡಕೆಗಳು ಒಡೆದವು, ಹೊಸವು ಬಂದವು, ಉಪ್ಪಿನ ಜಗಳ ಮಾತ್ರ ನಿಲ್ಲಲಿಲ್ಲ. ಹೋದ ತಿಂಗಳು ಒಂದು ದಿನ ನಾನು ಒಲೆಗೆ ಇಟ್ಟ ಕಾಳಿಗೆ ಅತ್ತೆ ಬಂದು ನನ್ನ ಕಣ್ಣೆದುರೇ ಒಂದು ಹಿಡಿ ಉಪ್ಪು ಸುರಿದರು, ನೀರು ಇನ್ನೂ ಬಿಸಿಯೂ ಆಗಿರಲಿಲ್ಲ. ನಾನು ಸುಮ್ಮನಿದ್ದೆ. ಅವರು ಸೌಟು ಹಿಡಿದು ನಿಂತೇ ಇದ್ದರು, ನನ್ನನ್ನೇ ನೋಡುತ್ತ, ಬಹಳ ಹೊತ್ತು, ಆಮೇಲೆ ಸೌಟನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದರು. ಗೆದ್ದವರ ನಡಿಗೆಯಾಗಿರಲಿಲ್ಲ ಅದು.

ಪಾಂಡಾದ ಮುಂದೆ ಸಾಲು, ಸಾಲು ಕರಗಿ ಗಾಜು, ಗಾಜಿನ ಆಚೆ ಅವಳು, ನಮಗೆ ಬೆನ್ನು ಹಾಕಿ ಕಾಲು ಚಾಚಿ ಕೂತಿದ್ದಾಳೆ, ಬಾಗಿಲ ಮುಂದೆ ಅವರೆಕಾಯಿ ಸುಲಿಯುವ ಅಜ್ಜಿಯ ಹಾಗೆ, ಬಿದಿರಿನ ಸಿಪ್ಪೆ ಒಂದು ಕಡೆ, ತಿರುಳು ಬಾಯಿಗೆ, ಕಟ್ ಕಟ್ ಎಂದು ಸದ್ದು, ನಮ್ಮ ದೇಶದಿಂದ ಹಿಡಿದು ದಕ್ಷಿಣದ ತುದಿಯವರೆಗೆ ಇವಳೊಬ್ಬಳೇ ಪಾಂಡಾ ಉಳಿದಿರುವುದು ಎಂದು ಹಸಿರು ಅಂಗಿಯ ಹೆಂಗಸೊಬ್ಬಳು ಹೇಳುತ್ತಿದ್ದಾಳೆ, ಇವಳಿಗೆ ಮರಿಗಳಿಲ್ಲ, ವಯಸ್ಸಾಯಿತು, ಬಂದವರೆಲ್ಲ ಮೆತ್ತಗೆ ಮಾತಾಡಿ. ಅತ್ತೆ ಮೆತ್ತಗೆ ಮಾತಾಡುವವರಲ್ಲ. ಹಾಗಾದ್ರೆ ಇವಳು ಯಾರೋಳು, ಚೀನಾದೋರದ್ದಾ, ನಮ್ಮೋಳಾ? ನಮ್ಮೋಳೇ ದೋನ್ಯಾ, ಇವಳ ಅಜ್ಜ ಅಜ್ಜಿ ಉಡುಗೊರೆಯಾಗಿ ಬಂದೋರು, ಆಗಿನ ಕಾಲದಲ್ಲಿ ಕೊಟ್ಟುಬಿಡೋರು, ಈಗ ಯಾರಿಗೂ ಕೊಡಲ್ಲ, ಬರೀ ಕಡ, ಅವಧಿ ಮುಗಿದ್ರೆ ವಾಪಸ್, ಮರಿ ಹುಟ್ಟಿದ್ರೆ ಅದೂ ಅವರದ್ದೇ. ಹೆಂಗಸು ಮುಂದಿನ ಗುಂಪಿನ ಕಡೆ ಹೋದಳು, ಅತ್ತೆ ನನ್ನ ಕಡೆ ತಿರುಗಿದರು, ಬಂತು, ಮಾತು ಬಂತು, ಕೈಯೊಳಗಿನ ಜೇನುನೊಣ ಕಿವಿಯವರೆಗೆ ಏರಿತು, ಬೇಡ ಅನ್ನುತ್ತಾರೆ, ಅನ್ನಲಿ, ಸಂತ ಹೂದಾಸ್, ಅನ್ನದೆ ಇರಲಿ. ಕೇಳಿಸ್ಕೊಂಡ್ಯಾ ಅವಳು ಹೇಳಿದ್ದು, ಅಂದರು ಅತ್ತೆ, ನನ್ನ ಕಿಡ್ನಿ ಕಡ ಅಲ್ಲ. ಕೊಟ್ಟಿದ್ದು ಕೊಟ್ಟಿದ್ದೇ. ನೀನು ನೋಡಿದ್ರೆ ಇನ್ನೂ ಹೊಟ್ಟೆ ಕೊಯ್ಯೋಕೆ ಮುಂಚೆನೇ ಸರಿ ಅತ್ತೆ, ಆಗಲಿ ಅತ್ತೆ ಅಂತ ಕಂತು ಕಟ್ತಿದೀಯ. ಉಪ್ಪು ಸುರಿದ್ರೂ ಸುಮ್ನೆ, ಬೈದ್ರೂ ಸುಮ್ನೆ, ಮನೇಲಿ ಗೋಡೆ ಜೊತೆ ಬಾಳ್ವೆ ಮಾಡಿದ ಹಾಗಾಗಿದೆ ನನಗೆ. ನಾನು ಕಿಡ್ನಿ ಕೊಡ್ತಿರೋದು ಆ ಬಾಯಿಬಡುಕಿ ಓಟಿಲಿಯಾಗೆ, ಅವಳು ಬದುಕ್ಲಿ ಅಂತ, ಅವಳು ಈಗಲೇ ಸತ್ತುಹೋಗಿದ್ರೆ ನಾನು ಯಾರಿಗ್ ಕೊಡ್ಲಿ, ಹೇಳು? ಇದೇ ಮಾತು. ಇಷ್ಟೇ ಮಾತು. ಇದನ್ನು ನನ್ನ ಸ್ವಂತ ಅಮ್ಮ ಕೂಡ ನನಗೆ ಹೇಳಿರಲಿಲ್ಲ, ನೀನು ನೀನಾಗೇ ಇರು ಎಂದು, ಬಾಯಿ ತೆರೆದೆ, ಅತ್ತೆ ನೀವು ನನಗೆ, ನಿಮ್ಮ ಋಣ — ಅಂಗೈ ನನ್ನ ಬಾಯಿಯ ಮುಂದೆ ಬಂತು, ಈರುಳ್ಳಿ ವಾಸನೆಯ ಅಂಗೈ, ಋಣ ಗಿಣ ಎಲ್ಲ ಸಂತನ ಹತ್ರ ಹೇಳ್ಕೋ, ನನ್ ಹತ್ರ ಬೇಡ, ಇಗೋ ಹಿಡಿ, ನೀನೇ ನಿನ್ ಕೈಯಾರೆ ಕಟ್ಟು.

ಕರವಸ್ತ್ರ ಬಿಚ್ಚಿತು, ಅವರ ಎದೆಯ ಬಿಸಿ ಇನ್ನೂ ಆರದ ತಗಡು ನನ್ನ ಅಂಗೈಗೆ ಬಂತು, ಸುರುಳಿ, ಹಾಲೆ, ಚುಕ್ಕಿ, ಅತ್ತೆ ನೋಡುತ್ತಿದ್ದಾರೆ, ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತು ನೋಡಿದ ಹಾಗೇ, ಮೆಟ್ರೋದಲ್ಲಿ ಒಂದು ನಿಲ್ದಾಣದುದ್ದ ನೋಡಿದ ಹಾಗೇ, ಆಗ ನನಗೆ ಅರ್ಥವಾಯಿತು ಅವರು ಏನನ್ನು ಕಾಯುತ್ತಿದ್ದರೆಂದು, ಎಷ್ಟು ದಿನದಿಂದ ಕಾಯುತ್ತಿದ್ದರೆಂದು. ಅತ್ತೆ, ಅಂದೆ, ಇದು ಕಿವಿ. ಏನಂದೆ? ಕಿವಿ. ಕಿಡ್ನಿ ಅಲ್ಲ, ಕಿವಿ, ಮೋಸ ಹೋಗಿದೀರಿ ನೀವು. ಅತ್ತೆಯ ಕಣ್ಣು ಹೊತ್ತಿಕೊಂಡಿತು, ಮೋಸ ಹೋಗೋಳು ನಿಮ್ಮಮ್ಮ, ಸರಿಯಾಗ್ ನೋಡೇ, ಕಿಡ್ನಿ ಅದು! ಓಲೆ ಹಾಕೋ ತೂತಿದೆ ಅತ್ತೆ ಇದರಲ್ಲಿ. ಓಲೆ ತೂತಲ್ಲ, ಉಚ್ಚೆ ಹೋಗೋ ದಾರಿ! ಸಂತ ಹೂದಾಸ್ ಇದನ್ನ ನೋಡಿ ಶುಕ್ರವಾರ ನಿಮ್ಮ ಕಿವೀನೇ ಕೊಯ್ಸಿ ನನ್ನ ಹೊಟ್ಟೆಗೆ ಹೊಲಿಸಿದ್ರೆ ಏನ್ ಮಾಡ್ತೀರಿ? ಒಳ್ಳೇದಾಯ್ತು, ಆಗಲಾದ್ರೂ ಹೇಳಿದ್ ಮಾತು ನಿನ್ನೊಳಗೆ ಇಳೀತದೆ! ಉಪ್ಪು ಕೊನೆಗೇ ಹಾಕ್ಬೇಕು ಅತ್ತೆ! ಮೊದಲೇ! ಯಾರೋ ಶ್ ಎಂದರು, ಹಸಿರು ಅಂಗಿಯವಳು ಈ ಕಡೆ ಬರುತ್ತಿದ್ದಾಳೆ, ಗಾಜಿನಾಚೆ ಕಟ್ ಕಟ್ ನಿಂತಿದೆ, ಪಾಂಡಾ ಬೆನ್ನು ಹೊರಳಿಸಿ ಕಪ್ಪು ಕಿವಿಗಳೆರಡನ್ನೂ ನಮ್ಮ ಕಡೆ ತಿರುಗಿಸಿದ್ದಾಳೆ, ಅತ್ತೆ ಕೆಂಪಾಗಿ ಉಸಿರು ಬಿಡುತ್ತ ನನ್ನ ರಟ್ಟೆ ಹಿಡಿದಿದ್ದಾರೆ, ಬಿಡುತ್ತಿಲ್ಲ, ಬಾಯಿ ಬೈಯುತ್ತಿದೆ, ಕಣ್ಣಿಂದ ನೀರು ಇಳಿಯುತ್ತಿದೆ, ನನ್ನದೂ ಇಳಿಯುತ್ತಿದೆ, ಪಾಲಿನ ಲೆಕ್ಕಕ್ಕೆ ಬಾರದ ನೀರು, ಹೇಳಬೇಕೆಂದಿದ್ದದ್ದು ಯಾವುದನ್ನೂ ಹೇಳಲಿಲ್ಲ, ಎಲ್ಲವನ್ನೂ ಹೇಳಿದೆ, ಕೆಂಪು ರಿಬ್ಬನ್ನು ಬೆರಳಿಗೆ ಸುತ್ತಿಕೊಂಡಿದೆ, ಅಂಗೈಯಲ್ಲಿ ಕಿವಿ, ಬೆಚ್ಚಗಿನ ಪುಟ್ಟ ತಗಡಿನ ಕಿವಿ, ಕಿಡ್ನಿ ಕಣೇ ಅದು, ಕಿವಿ ಅತ್ತೆ, ಕಿಡ್ನಿ, ಕಿವಿ, ಅತ್ತೆ, ಕಿವಿ —